ಯಾರ ಬೆರಳು

"ಕುರ್ಚಿ ಸಾಲ್ದಿದ್ರೆ ಹೊರಗಡೆ ಬೆಂಚ್ ತನ್ನಿ. ಎಲ್ಲರೂ ಕೂತ ಮೇಲೇ ನಾನು ಮಾತಾಡೋದು," ಎಂದರು ಹೊಸ ಡಾಕ್ಟರಮ್ಮ.

ಆಯಾ ಬೆಂಚನ್ನು ಕರ್ರೆಂದು ಎಳೆದು ತಂದಳು. ಅತ್ತೆ ಊರುಗೋಲನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಬೆಂಚಿನ ತುದಿಗೆ ಕೂತರು. ಪಕ್ಕದಲ್ಲಿ ಮಗಳು, ತೊಡೆಯ ಮೇಲೆ ಪರೀಕ್ಷೆಯ ಪುಸ್ತಕ, ಪುಸ್ತಕದೊಳಗೆ ಫೋನು. ಹಣೆಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಗಂಡ ರೋಗಿಯ ಸ್ಟೂಲಿನ ಮೇಲೆ, ಹನ್ನೊಂದು ವರ್ಷದ ಸಕ್ಕರೆ ಕಾಯಿಲೆಯ ಹಕ್ಕಿನಿಂದ, ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಹೆಂಡತಿ ಮಾತ್ರ ಬಾಗಿಲ ಹತ್ತಿರ ಚೀಲ ಹಿಡಿದು ನಿಂತೇ ಇದ್ದಳು. ಆ ಚೀಲದಲ್ಲಿ ಗಂಡನ ಮಾತ್ರೆಯ ಡಬ್ಬಿ, ನೀರಿನ ಬಾಟಲಿ, ಸಕ್ಕರೆ ನೋಡುವ ಪುಟ್ಟ ಯಂತ್ರ, ನಾಲ್ಕು ಬಿಸ್ಕತ್ತು, ಒಂದು ಜೊತೆ ಕಾಲುಚೀಲ, ಹಳೆಯ ಚೀಟಿಗಳ ಕಂತೆ ಎಲ್ಲವೂ ಇದ್ದವು. ಮನೆಗೆ ಬೆಂಕಿ ಬಿದ್ದರೆ ಅಮ್ಮ ಮೊದಲು ಎತ್ತಿಕೊಂಡು ಓಡುವುದು ಆ ಚೀಲವನ್ನೇ, ನಮ್ಮನ್ನಲ್ಲ ಎಂದು ಮಗಳು ತಮಾಷೆ ಮಾಡುವುದಿತ್ತು.

"ನೀವೂ ಕೂತ್ಕೊಳ್ಳಿ."

"ಪರವಾಗಿಲ್ಲ ಡಾಕ್ಟ್ರೇ, ನಾನೇನು ಪೇಷಂಟಾ?" ಎಂದು ಅವಳು ನಕ್ಕಳು. ಡಾಕ್ಟರಮ್ಮ ನಗಲಿಲ್ಲ.

ಮೇಜಿನ ಮೇಲೆ ಎರಡು ವಸ್ತುಗಳಿದ್ದವು. ಒಂದು ನೀಲಿ ರಟ್ಟಿನ ಪುಸ್ತಕ. ಅದರ ತುಂಬ ಅವಳ ದುಂಡು ಅಕ್ಷರದಲ್ಲಿ ಗಂಡನ ಸಕ್ಕರೆಯ ಎರಡು ವರ್ಷದ ದಿನಚರಿ. ಇನ್ನೊಂದು, ಲ್ಯಾಬಿನಿಂದ ಅವತ್ತು ಬೆಳಿಗ್ಗೆ ಬಂದಿದ್ದ ಒಂದೇ ಒಂದು ಹಾಳೆ. ಡಾಕ್ಟರಮ್ಮ ಒಂದು ಕೈಯನ್ನು ಪುಸ್ತಕದ ಮೇಲೂ ಇನ್ನೊಂದನ್ನು ಹಾಳೆಯ ಮೇಲೂ ಇಟ್ಟುಕೊಂಡರು.

"ಗುರುವಾರ ಇವರು ಅಂಗಡೀಲಿ ಬೆವತು ಬಿದ್ರಲ್ಲ, ಆಗ ಇವರ ಸಕ್ಕರೆ ನಲವತ್ತೊಂದಕ್ಕೆ ಇಳಿದಿತ್ತು. ಇನ್ನರ್ಧ ಗಂಟೆ ಯಾರೂ ನೋಡದೇ ಇದ್ದಿದ್ರೆ ಇವತ್ತು ನಾವ್ಯಾರೂ ಇಲ್ಲಿ ಕೂತಿರ್ತಿರಲಿಲ್ಲ. ಈ ಹಾಳೆ ಮೂರು ತಿಂಗಳ ಸರಾಸರಿ ಹೇಳತ್ತೆ. ಇದರ ಪ್ರಕಾರ ಇವರ ಸಕ್ಕರೆ ಇರಬೇಕಾದ್ದಕ್ಕಿಂತಲೂ ಕಡಿಮೆ. ಆದ್ರೆ ಈ ಪುಸ್ತಕದ ಪ್ರಕಾರ ಇನ್ನೂರ ಹತ್ತು, ಇನ್ನೂರ ನಲವತ್ತು, ಇನ್ನೂರ ಅರವತ್ತು. ಇದನ್ನ ನೋಡಿಯೇ ಹಿಂದಿನ ಡಾಕ್ಟ್ರು ಎರಡು ಸಲ ಮಾತ್ರೆ ಜಾಸ್ತಿ ಮಾಡಿದ್ದಾರೆ. ಎರಡರಲ್ಲಿ ಒಂದು ಸುಳ್ಳು."

"ಪುಸ್ತಕ ಸುಳ್ಳಾಗೋ ಮಾತೇ ಇಲ್ಲ," ಎಂದು ಅತ್ತೆ ಕೋಲು ಕುಟ್ಟಿದರು. "ನನ್ನ ಸೊಸೆ ಒಂದು ದಿನ ಬಿಟ್ಟೋಳಲ್ಲ. ನಿಮ್ಮ ಲ್ಯಾಬಿನ ಮಷೀನು ಕೆಟ್ಟಿರಬೇಕು."

"ಮಷೀನು ಅಂದ್ಮೇಲೆ ಕೆಡತ್ತೆ ಡಾಕ್ಟ್ರೇ," ಎಂದರು ಗಂಡ. "ಅದು ಕೆಡೋದಕ್ಕೇ ನಮ್ಮನೇಲಿ ಒಲೆ ಉರಿಯೋದು."

ಅವರು ಗಡಿಯಾರ ರಿಪೇರಿಯವರು. ಎರಡು ಕಟ್ಟಡಗಳ ನಡುವಿನ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲಾಗದಂಥ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೂವತ್ತು ವರ್ಷ ಅಲ್ಲೇ ಬೆನ್ನು ಬಗ್ಗಿಸಿದವರು. ಯಂತ್ರವನ್ನು ಕಿವಿಯ ಹತ್ತಿರ ಹಿಡಿದರೆ ಸಾಕು, ಎಲ್ಲಿ ತೊಡಕಾಗಿದೆ ಎಂದು ಹೇಳುತ್ತಿದ್ದರು. ತಮ್ಮ ಮೈಯೊಳಗಿನ ತೊಡಕನ್ನು ಮಾತ್ರ ಹೆಂಡತಿಗೆ ಒಪ್ಪಿಸಿ ನಿಶ್ಚಿಂತರಾಗಿದ್ದರು.

ಅವಳಿಗೆ ಗಂಟಲು ಒಣಗಿತು. ಈಗೀಗ ಗಂಟಲು ಒಣಗುವುದು ಹೊಸದೇನಲ್ಲ. ಬಾಟಲಿ ತೆಗೆದು ಎರಡು ಗುಟುಕು ಕುಡಿದು, ಅದು ಗಂಡನ ಬಾಟಲಿ ಎಂದು ನೆನಪಾಗಿ ಬಾಯಿ ಒರೆಸಿ ಒಳಗಿಟ್ಟಳು. ಪುಸ್ತಕ ಸುಳ್ಳಲ್ಲ. ಅದರಲ್ಲಿ ಬರೆದಿದ್ದ ಒಂದೊಂದು ಸಂಖ್ಯೆಯೂ ನಿಜವಾದ ರಕ್ತದ ನಿಜವಾದ ಸಂಖ್ಯೆ. ರಕ್ತ ಮಾತ್ರ ಗಂಡನದಲ್ಲ, ಅವಳದು.

ಅದು ಶುರುವಾದದ್ದು ಹೀಗೆ. ಎರಡು ವರ್ಷದ ಹಿಂದೆ ಆಸ್ಪತ್ರೆಯವರು ಯಂತ್ರವನ್ನೂ ಪುಸ್ತಕವನ್ನೂ ಕೊಟ್ಟು, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ ನೋಡಿ ಬರೆಯಬೇಕು ಎಂದರು. ಮೊದಲ ದಿನ ಗಂಡ ಬೆರಳು ಕೊಟ್ಟರು, ಕಣ್ಣು ಮುಚ್ಚಿ ಹಲ್ಲು ಕಚ್ಚಿದರು. ಎರಡನೆಯ ದಿನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. "ನೋಡು ಇವಳೇ, ಇದು ಅನ್ನ ಕೊಡೋ ಬೆರಳು. ಇದರ ತುದಿ ಮರಗಟ್ಟಿದ್ರೆ ಕೂದಲೆಳೆ ಸ್ಪ್ರಿಂಗು ಕೈಗೆ ಹತ್ತಲ್ಲ. ಆಮೇಲೆ ಸಕ್ಕರೆ ಸರಿಯಾಗಿಟ್ಕೊಂಡು ಏನು ಮಾಡ್ಲಿ, ನೆಕ್ಲಾ?" ಮಾತು ಸುಳ್ಳಲ್ಲ. ಆದರೆ ಸೂಜಿ ಕಂಡರೆ ಅವರ ಜೀವ ಬಾಯಿಗೆ ಬರುತ್ತದೆ ಎಂಬುದು ಅದಕ್ಕಿಂತ ದೊಡ್ಡ ನಿಜ. ಅವಳಿಗೆ ಎರಡೂ ಗೊತ್ತಿತ್ತು. ಬೆಳಿಗ್ಗೆ ಎದ್ದು ಅಷ್ಟು ವಯಸ್ಸಾದ ಗಂಡಸಿನ ಹಿಂದೆ ಸೂಜಿ ಹಿಡಿದು ಅಡಿಗೆಮನೆಯಿಂದ ಹಜಾರಕ್ಕೆ ಓಡುವುದು ಮೂರು ದಿನಕ್ಕೇ ಸಾಕಾಯಿತು.

ಮೊದಲ ತಿಂಗಳು ಮನಸ್ಸಿಗೆ ತೋಚಿದ್ದನ್ನು ಬರೆದಳು. ಆಸ್ಪತ್ರೆಯಲ್ಲಿ ಪುಸ್ತಕಗಳನ್ನು ನೋಡುವ ಒಬ್ಬ ನರ್ಸ್ ಇದ್ದಳು. ಎಲ್ಲರೂ ಆಕೆಯನ್ನು ಪುಸ್ತಕದ ಸಿಸ್ಟರ್ ಎನ್ನುತ್ತಿದ್ದರು. ಆಕೆ ಹಾಳೆ ತಿರುವಿ, "ನೂರಿಪ್ಪತ್ತು, ನೂರಮೂವತ್ತು, ನೂರಿಪ್ಪತ್ತು, ನೂರಮೂವತ್ತು. ಏನಮ್ಮಾ, ನಿಮ್ಮನೆಯವರ ಸಕ್ಕರೆ ಮೆಟ್ಟಿಲು ಹತ್ತಿ ಇಳಿಯೋ ಆಟ ಆಡ್ತಾ ಇದೆಯಾ?" ಎಂದು ನಾಲ್ಕು ಜನರ ಎದುರು ಕೇಳಿದಳು. ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮಾರನೆಯ ದಿನ ಗಂಡ ಇನ್ನೂ ಹಾಸಿಗೆಯಲ್ಲಿದ್ದಾಗ ಒಲೆಯ ಪಕ್ಕ ನಿಂತು ತನ್ನ ಎಡಗೈಯ ಉಂಗುರದ ಬೆರಳಿಗೇ ಚುಚ್ಚಿಕೊಂಡಳು. ಒಂದೇ ಪಾತ್ರೆಯಲ್ಲಿ ಬೆಂದದ್ದನ್ನು ತಿನ್ನುವವರು, ಒಂದೇ ಹೊತ್ತಿಗೆ ತಿನ್ನುವವರು, ಮೂವತ್ತು ವರ್ಷದಿಂದ. ಅರ್ಧಾಂಗಿ ಎಂದು ಸುಮ್ಮನೆ ಕರೆಯುತ್ತಾರೆಯೇ? ಅರ್ಧ ಮೈ ತನ್ನದೇ ತಾನೆ, ಆ ಅರ್ಧದ ಬೆರಳು ಕೊಟ್ಟರೆ ಯಾವ ದೇವರಿಗೆ ಸಿಟ್ಟು ಎಂದುಕೊಂಡಳು. ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ ಎಂಬುದು ಅವಳ ಎಣಿಕೆ. ಆ ತಿಂಗಳು ಸಿಸ್ಟರ್, "ಈಗ ನೋಡಿ, ಇದು ಪುಸ್ತಕ," ಎಂದು ಬೆನ್ನು ತಟ್ಟಿದಳು. ಗಂಡನಿಗೂ ಶಭಾಷ್‌ಗಿರಿ ಸಿಕ್ಕಿತು. ಆ ಖುಷಿಗೆ ಅವರು ದಾರಿಯಲ್ಲಿ ಸಿಹಿ ತಿಂದರು.

ವರ್ಷವೊಂದು ಕಳೆದ ಮೇಲೆ ಸಂಖ್ಯೆ ಏರತೊಡಗಿತು. ನೂರ ಐವತ್ತು, ನೂರ ಎಂಬತ್ತು, ಇನ್ನೂರು. ಇಲ್ಲಿ ಒಂದು ವಿಚಿತ್ರ ನಡೆಯಿತು. ಬರೆದೂ ಬರೆದೂ ಅವಳಿಗೆ ಅದು ಗಂಡನದೇ ಸಂಖ್ಯೆ ಅನಿಸಿಬಿಟ್ಟಿತ್ತು. "ನಿಜ ಹೇಳಿ, ನಿನ್ನೆ ಅಂಗಡೀಲಿ ಕೂತು ಏನು ತಿಂದ್ರಿ?" ಎಂದು ಗದರುತ್ತಿದ್ದಳು. "ತಾಯಾಣೆಗೂ ಏನೂ ತಿಂದಿಲ್ಲ ಕಣೇ," ಎಂದು ಅವರು ಕಣ್ಣರಳಿಸುತ್ತಿದ್ದರು. ಪಾಪ, ತಿಂದಿರಲಿಲ್ಲ. ಅವಳು ಅವರ ತಟ್ಟೆಯಿಂದ ಹಣ್ಣು ತೆಗೆದಳು, ರಾತ್ರಿಯ ಊಟ ಅರ್ಧ ಮಾಡಿದಳು. ಡಾಕ್ಟರು ಮಾತ್ರೆ ಏರಿಸಿದರು. ಗಂಡನ ಕೈ ನಡುಗಿತು, ಮಾತಿಗೆ ಮೊದಲೇ ರೇಗಿದರು, ಮಧ್ಯಾಹ್ನ ಬೆವರಿ ಅಂಗಿ ಬದಲಾಯಿಸಿದರು. ಅತ್ತ ಅವಳು ದಿನಕ್ಕೆ ನಾಲ್ಕು ಬಾಟಲಿ ನೀರು ಕುಡಿದಳು; ಹಿಮ್ಮಡಿಯ ಬಿರುಕು ಎರಡು ತಿಂಗಳಾದರೂ ಕೂಡಿಕೊಳ್ಳಲಿಲ್ಲ; ಸಂಜೆಯಾದರೆ ಮೈ ಒದ್ದೆ ಬಟ್ಟೆಯ ಹಾಗೆ ಭಾರವಾಯಿತು. ಬಿಸಿಲಿಗೆ, ವಯಸ್ಸಿಗೆ, ಸವೆದ ಚಪ್ಪಲಿಗೆ ಒಂದೊಂದರ ತಪ್ಪನ್ನು ಹಂಚಿಬಿಟ್ಟಳು. ಗೊತ್ತಿರಲಿಲ್ಲವೇ ಎಂದು ಕೇಳಿದರೆ, ಗೊತ್ತಿತ್ತು. ಮನಸ್ಸಿನಲ್ಲಿ ಆ ಪುಟ ತಿರುವಲಿಲ್ಲ ಅಷ್ಟೆ.

"ಸರಿ, ಪುಸ್ತಕ ಪಕ್ಕಕ್ಕಿರಲಿ," ಎಂದರು ಡಾಕ್ಟರಮ್ಮ. "ಈ ಕಾಯಿಲೆ ಒಬ್ಬರ ಮೈಗೆ ಬರತ್ತೆ, ಆದ್ರೆ ವಾಸ ಮಾಡೋದು ಇಡೀ ಮನೇಲಿ. ಅದಕ್ಕೇ ನಾನು ಮನೆಗೆ ಅಂತ ಚೀಟಿ ಬರಿಯೋಳು. ಒಬ್ಬೊಬ್ಬರಾಗಿ ಹೇಳಿ, ಮನೇಲಿ ಯಾರ್ಯಾರು ಏನೇನು ಮಾಡ್ತೀರಿ?"

ಅತ್ತೆ ಮಗಳ ಮುಖ ನೋಡಿದರು, ಮಗಳು ಅಪ್ಪನ ಮುಖ ನೋಡಿದಳು.

"ಇವರ ಮಾತ್ರೆ ಯಾರು ಕೊಡೋದು?"

"ಸೊಸೆ ಇದ್ದಾಳಲ್ಲ," ಎಂದರು ಅತ್ತೆ.

"ಊಟ ಅಳತೆ ಮಾಡಿ ಹಾಕೋದು?"

"ಅಮ್ಮ," ಎಂದಳು ಮಗಳು.

"ಕಾಲು ನೋಡೋದು, ಉಗುರು ತೆಗೆಯೋದು, ಚೀಟಿ ಇಟ್ಕೊಳ್ಳೋದು?"

"ಎಲ್ಲಾ ಇವಳೇ," ಎಂದರು ಗಂಡ, ಒಂದು ಒಳ್ಳೆಯ ಕಂಪನಿಯ ಗಡಿಯಾರವನ್ನು ತೋರಿಸುವ ಹೆಮ್ಮೆಯಿಂದ. "ಇವಳಿರೋದಕ್ಕೆ ನಾನು ಕಾಯಿಲೆಯ ತಲೆನೋವು ತಲೆಗೆ ಹಚ್ಕೊಂಡಿಲ್ಲ."

"ಬೆರಳು ಚುಚ್ಚೋದು?"

ಗಂಡ ಸ್ಟೂಲಿನ ಮೇಲೆ ಸ್ವಲ್ಪ ಅಲುಗಾಡಿದರು. ಡಾಕ್ಟರಮ್ಮ ಅವರ ಎರಡೂ ಕೈಗಳನ್ನು ಮೇಜಿನ ಮೇಲೆ ಇಡಿಸಿ, ದೀಪ ಎಳೆದುಕೊಂಡು ಹತ್ತೂ ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಮಗುವಿನ ಬೆರಳ ಹಾಗೆ ನುಣ್ಣಗಿದ್ದವು.

"ನಮ್ಮ ಸಿಸ್ಟರ್ ಹೇಳ್ತಾರೆ, ಈ ಸಂಖ್ಯೆಗಳು ಕಟ್ಟಿದ್ದಲ್ಲ ಅಂತ. ನನಗೂ ಹಾಗೇ ಅನಿಸತ್ತೆ. ಇದು ಯಾರದೋ ರಕ್ತ," ಎಂದು ಡಾಕ್ಟರಮ್ಮ ತಲೆಯೆತ್ತಿ ಬಾಗಿಲ ಕಡೆ ನೋಡಿದರು. "ಇದು ಯಾರ ಬೆರಳು?"

ಅತ್ತ ದರಿ, ಇತ್ತ ಪುಲಿ ಎಂದರೆ ಇದೇ. ಹೇಳಿದರೆ ಗಂಡನನ್ನು ಸಾವಿನ ಬಾಗಿಲಿಗೆ ತಳ್ಳಿದವಳು ಅವಳೇ ಆಗುತ್ತಾಳೆ, ಅತ್ತೆಯ ಎದುರು, ಮಗಳ ಎದುರು. ಸುಮ್ಮನಿದ್ದರೆ ಯಂತ್ರದ ಮೇಲೆ ತಪ್ಪು ಹೊರಿಸಿ ಇವತ್ತಿಗೆ ಪಾರಾಗಬಹುದು. ಆದರೆ ಇನ್ನೊಂದು ಗುರುವಾರ ಬರುತ್ತದೆ, ಆಗ ಅಂಗಡಿಯ ಗಾಜಿನ ಪೆಟ್ಟಿಗೆಯ ಮೇಲೆ ಅವರ ತಲೆ ಬಿದ್ದದ್ದನ್ನು ಯಾರೂ ನೋಡದೆ ಇರಬಹುದು. ಇವೆರಡರ ಕೆಳಗೆ ಮೂರನೆಯದೊಂದು ಕೂತಿತ್ತು. ಅದನ್ನು ನೆನೆದು ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಬೆರಳು ಅವಳದು ಎಂದಮೇಲೆ ಇನ್ನೂರ ಅರವತ್ತೂ ಅವಳದೇ. ಆ ಮನೆಯಲ್ಲಿ ರೋಗಿಯ ಜಾಗ ಇದ್ದದ್ದು ಒಂದೇ, ಅದು ಹನ್ನೊಂದು ವರ್ಷದ ಹಿಂದೆಯೇ ಭರ್ತಿಯಾಗಿತ್ತು. ನೋಡಿಕೊಳ್ಳುವವರ ಜಾಗವೂ ಒಂದೇ. ಅದರಲ್ಲಿ ಅವಳು ನಿಂತಿದ್ದಳು, ಕೈಯಲ್ಲಿ ಚೀಲ ಹಿಡಿದು.

"ನಂದು," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳು ಚೀಲವನ್ನು ನೆಲಕ್ಕಿಟ್ಟು ಎಡಗೈಯನ್ನು ಮುಂದೆ ಚಾಚಿದಳು. ಉಂಗುರದ ಬೆರಳು, ನಡುಬೆರಳು, ಕಿರುಬೆರಳು, ಮೂರರ ತುದಿಯೂ ಗಟ್ಟಿಯಾಗಿ ಕಪ್ಪು ಚುಕ್ಕಿಗಳಿಂದ ತುಂಬಿಹೋಗಿತ್ತು. "ಇವರು ಕೊಡಲ್ಲ ಅಂದ್ರು. ಬರೀದೇ ಇದ್ರೆ ಸಿಸ್ಟರ್ ಬೈತಿದ್ರು. ಅದಕ್ಕೆ ನಾನೇ... ಒಂದೇ ಮನೆ ಊಟ ಅಲ್ವಾ ಅಂದ್ಕೊಂಡೆ."

ಮಗಳು ಎದ್ದೇ ನಿಂತಳು. "ಅಮ್ಮಾ! ಅಪ್ಪ ಸಾಯ್ತಿದ್ರು! ಎರಡು ವರ್ಷದಿಂದ ನಿನ್ನ ಸಕ್ಕರೆಗೆ ಅಪ್ಪನಿಗೆ ಮಾತ್ರೆ ನುಂಗಿಸ್ತಿದೀಯಾ? ಹೆಚ್ಚು ಓದಿಲ್ಲ ಅಂದ್ರೂ ಇಷ್ಟು ತಿಳಿಯಲ್ವಾ?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ," ಎಂದು ಗಂಡ ಹಣೆಯ ಬ್ಯಾಂಡೇಜು ಮುಟ್ಟಿಕೊಂಡು ನಗಲು ನೋಡಿದರು. "ಅಂತೂ ನಾನು ಎಮ್ಮೆ ಆದೆ." ಆ ನಗು ಅರ್ಧಕ್ಕೇ ನಿಂತಿತು. ಎತ್ತು ಯಾರು ಎಂಬುದು ಅವರಿಗೆ ಆಗ ಹೊಳೆದಿರಬೇಕು. ಹೆಂಡತಿಯ ಕೈಯನ್ನು ನೋಡಿದರು, ಆಮೇಲೆ ಗೋಡೆಯ ಮೇಲಿನ ಗಡಿಯಾರವನ್ನು ನೋಡಿದರು.

ಡಾಕ್ಟರಮ್ಮ ಬೈಯಲಿಲ್ಲ. ಮಗಳನ್ನು ಕೂರಿಸಿದರು. ಸ್ಟೂಲಿನಿಂದ ಗಂಡನನ್ನು ಎಬ್ಬಿಸಿ ಅದರ ಮೇಲೆ ಅವಳನ್ನು ಕೂರಿಸಿದರು. ಸಿಸ್ಟರ್ ಬಂದು ಚೀಲದಿಂದ ಯಂತ್ರ ತೆಗೆದು ಅದೇ ಉಂಗುರದ ಬೆರಳಿಗೆ ಚುಚ್ಚಿದಳು. ಯಂತ್ರ ಐದರಿಂದ ಒಂದರವರೆಗೆ ಇಳಿಯುತ್ತ ಎಣಿಸಿ ಇನ್ನೂರ ಎಂಬತ್ತಾರು ಎಂದು ತೋರಿಸಿತು. ಪ್ರತಿದಿನ ನೋಡಿದ ಯಂತ್ರವೇ, ಪ್ರತಿದಿನ ಚುಚ್ಚಿದ ಬೆರಳೇ. ಆದರೂ ಮೊದಲ ಸಲ ನೋವಾಯಿತು.

ಅತ್ತೆ ಕೋಲಿನ ಹಿಡಿಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತ, ಯಾರನ್ನೂ ನೋಯಿಸುವ ಉದ್ದೇಶವಿಲ್ಲದೆ, ನಿಜವಾಗಿಯೂ ದಿಕ್ಕು ತೋಚದೆ ಕೇಳಿದರು:

"ಹಾಗಾದ್ರೆ ಇವನನ್ನ ನೋಡ್ಕೊಳ್ಳೋರು ಯಾರು?"

ಅವಳಿಗೆ ಅಳು ಬಂದದ್ದು ಆಗ. ಇನ್ನೂರ ಎಂಬತ್ತಾರಕ್ಕೆ ಬರಲಿಲ್ಲ, ಮಗಳ ಮಾತಿಗೆ ಬರಲಿಲ್ಲ. ಸ್ಟೂಲಿಗೆ ಒರಗುವುದಕ್ಕೆ ಬೆನ್ನಿರಲಿಲ್ಲ, ಮುಖ ಮುಚ್ಚಿಕೊಳ್ಳೋಣ ಎಂದರೆ ಒಂದು ಕೈ ಸಿಸ್ಟರ್ ಹತ್ತಿರ ಇತ್ತು.

ಸಿಸ್ಟರ್ ಅವಳಿಗೆಂದು ಹೊಸ ನೀಲಿ ಪುಸ್ತಕ ತೆಗೆದಳು. ಮೊದಲ ಪುಟದಲ್ಲಿ ರೋಗಿಯ ವಯಸ್ಸು, ತೂಕ, ಕಾಯಿಲೆ ಎಲ್ಲವನ್ನೂ ತುಂಬಿಸಿದಳು. ಅದರ ಕೆಳಗೆ ಒಂದು ಸಾಲಿತ್ತು: ಮನೆಯಲ್ಲಿ ನೋಡಿಕೊಳ್ಳುವವರು. ಹಳೆಯ ಪುಸ್ತಕದಲ್ಲಿ ಆ ಸಾಲಿನಲ್ಲಿ 'ಹೆಂಡತಿ' ಎಂದಿತ್ತು. ಈಗ ಸಿಸ್ಟರ್ ಪೆನ್ನು ಎತ್ತಿ ಹಿಡಿದು ಒಬ್ಬೊಬ್ಬರನ್ನೇ ನೋಡಿದಳು.

"ನನಗೆ ಮೂರು ತಿಂಗಳಲ್ಲಿ ಪರೀಕ್ಷೆ ಇದೆ," ಎಂದಳು ಮಗಳು, ಮೆಲ್ಲಗೆ.

"ನನಗೆ ಆ ಸಣ್ಣ ಅಕ್ಷರ ಕಾಣಲ್ಲ," ಎಂದರು ಅತ್ತೆ.

"ಖಾಲಿ ಬಿಡಿ ಸಿಸ್ಟರ್, ನಾನೇ ಬರ್ಕೊಳ್ತೀನಿ. ನನಗೆ ಅಭ್ಯಾಸ ಇದೆ," ಎಂದು ಅವಳು ಮೂಗು ಒರೆಸಿಕೊಂಡಳು.

"ಖಾಲಿ ಬಿಡಲ್ಲ," ಎಂದರು ಡಾಕ್ಟರಮ್ಮ. "ನಿಮ್ಮ ಬೆರಳು ನೀವು ಚುಚ್ಕೋಬಾರ್ದು. ಇದು ನನ್ನ ಔಷಧಿ. ಬೇರೆಯವರು ಚುಚ್ಚಬೇಕು, ಬೇರೆಯವರು ಬರೀಬೇಕು. ಯಾರು ಅಂತ ಹೇಳೋವರೆಗೂ ಯಾರೂ ಏಳಂಗಿಲ್ಲ."

ಹೊರಗೆ ಮುಂದಿನ ರೋಗಿ ಕೆಮ್ಮಿದ. ಗಂಡ, ಬೆಂಚಿನ ತುದಿಯಲ್ಲಿ ತಾಯಿಯ ಪಕ್ಕ ಇಕ್ಕಟ್ಟಾಗಿ ಕೂತಿದ್ದವರು, "ನಾನು," ಎಂದರು. ಅವರ ದನಿ ಅವರಿಗೇ ಹೊಸದಾಗಿ ಕೇಳಿಸಿರಬೇಕು. ತಕ್ಷಣ ಹೆಂಡತಿಯ ಕಡೆ ತಿರುಗಿ, "ಎಷ್ಟು ಗಂಟೆಗೆ ಮಾಡ್ಬೇಕು? ನೀನು ನೆನಪಿಸಿಬಿಡು," ಎಂದರು.

"ಅವರೇ ನೆನಪಿಸೋದಾದ್ರೆ ನಿಮ್ಮ ಹೆಸರು ಯಾಕೆ? ಊರವರ ಅಲಾರಂ ಎಲ್ಲಾ ಸರಿ ಮಾಡ್ತೀರಿ, ನಿಮ್ಮದೊಂದು ಇಟ್ಕೊಳ್ಳಿ," ಎಂದರು ಡಾಕ್ಟರಮ್ಮ. ಗಂಡನ ಮಾತ್ರೆಯನ್ನು ಅರ್ಧಕ್ಕಿಳಿಸಿ, ಅವರ ರಕ್ತವನ್ನು ವಾರಕ್ಕೊಮ್ಮೆ ಆಸ್ಪತ್ರೆಯಲ್ಲೇ ನೋಡುವುದೆಂದು ಹೇಳಿ, ಅವಳಿಗೆ ಹೊಸ ಚೀಟಿ ಬರೆದರು. ಸಿಸ್ಟರ್ ಸಾಲು ತುಂಬಿಸಿದಳು. ಚೀಲಕ್ಕೆ ಈಗ ಎರಡು ಪುಸ್ತಕಗಳಾದವು. ಹೊರಡುವಾಗ ಅದನ್ನು ಎತ್ತಿಕೊಂಡವಳು ಅವಳೇ, ಯಾರಿಗೂ ಅದು ಕಾಣಲಿಲ್ಲ, ಅವಳಿಗೂ.

ಮಾರನೆಯ ಬೆಳಿಗ್ಗೆ ಆರಕ್ಕೆ ಅಲಾರಂ ಹೊಡೆಯಿತು. ಗಂಡ ಕೈ ಹೊರಗೆ ಚಾಚಿ ಅದರ ತಲೆಯ ಮೇಲೆ ಒಂದು ಕೊಟ್ಟು ಮಗ್ಗುಲು ಬದಲಾಯಿಸಿದರು.

ಅವಳು ಐದಕ್ಕೇ ಎದ್ದಿದ್ದಳು. ಯಂತ್ರ, ಸೂಜಿ, ಪಟ್ಟಿ, ಹತ್ತಿ, ಪೆನ್ನು, ಹೊಸ ಪುಸ್ತಕ ಎಲ್ಲವನ್ನೂ ಮಂಚದ ಪಕ್ಕದ ಸ್ಟೂಲಿನ ಮೇಲೆ ಜೋಡಿಸಿ, ಕೈಯನ್ನು ಸೋಪು ಹಾಕಿ ತೊಳೆದು, ಬೆರಳು ಒಣಗಲೆಂದು ಚಾಚಿ ಹಿಡಿದು ಮಂಚದ ಅಂಚಿನಲ್ಲಿ ಕೂತಿದ್ದಳು. ಚುಚ್ಚುವವರೆಗೆ ಅವಳು ಏನೂ ತಿನ್ನುವಂತಿಲ್ಲ. ಅವಳು ಎದ್ದು ಒಲೆ ಹಚ್ಚುವವರೆಗೆ ಮನೆಯಲ್ಲಿ ಯಾರಿಗೂ ಏನೂ ಸಿಗುವಂತಿಲ್ಲ.

ಆರೂ ಹತ್ತಾಯಿತು. ಗಂಡನ ಗೊರಕೆ ಮತ್ತೆ ಹದಕ್ಕೆ ಬಂತು. ಎಬ್ಬಿಸಬಹುದಿತ್ತು, ಒಂದು ಸಲ "ರೀ" ಎಂದರೆ ಸಾಕು. ಸೂಜಿ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಕಣ್ಣು ಮುಚ್ಚಿಕೊಂಡು ಮಾಡಬಲ್ಲಂಥ ಹತ್ತು ಸೆಕೆಂಡಿನ ಕೆಲಸ. ಮಾಡಿ, ಬರೆದು, ಎದ್ದು ಹೋದರೆ ಮುಗಿಯಿತು, ಯಾರೂ ಏನೂ ಕೇಳುವುದಿಲ್ಲ. ನಾಳೆಯೂ ಕೇಳುವುದಿಲ್ಲ. ಅವಳ ಬಲಗೈ ತಾನಾಗಿಯೇ ಸೂಜಿಯ ಕಡೆ ಹೋಯಿತು. ಅವಳು ಅದನ್ನು ಹಿಂದಕ್ಕೆ ತಂದು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಳು.

ಹಜಾರದಲ್ಲಿ ಕೋಲಿನ ಸದ್ದಾಯಿತು. ಅತ್ತೆ ಅಡಿಗೆಮನೆಯ ಬಾಗಿಲವರೆಗೆ ಹೋಗಿ, ಅಲ್ಲಿನ ಕತ್ತಲೆ ನೋಡಿ ಹಿಂದಿರುಗಿ ಬಂದು, ಕೋಣೆಯ ಹೊರಗೆ ನಿಂತರು.

"ಕಾಫಿ ಇನ್ನೂ ಆಗಿಲ್ವಾ?"

"ಇಲ್ಲ," ಎಂದಳು.

ಅತ್ತೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಬೆರಳು ಒಣಗಿ ಎಷ್ಟೋ ಹೊತ್ತಾಗಿತ್ತು. ಹೊದಿಕೆಯೊಳಗಿನ ಬೆನ್ನನ್ನು ನೋಡುತ್ತ ಅವಳು ಅದನ್ನು ಹಾಗೆಯೇ ಚಾಚಿಕೊಂಡು ಕೂತಿದ್ದಳು.